ಮು. ಪೋ. ಚಿಮ್ಮಡ

ದೀಪಾವಳಿಗೆ ಬೆಂಗಳೂರಿನಿಂದ ಬಂದಿದ್ದ ಮಗ ಎರಡನೇ ದಿನ ರಾತ್ರಿ ಊಟಕ್ಕೆ ಕೂತವನು ರೊಟ್ಟಿ ಮುರಿಯುತ್ತಲೇ ಹೇಳಿದ, “ಅವ್ವಾ, ನಾ ನೌಕರಿ ಬಿಡ್ತೀನಿ. ಒಂದ್ ವರ್ಷ ಊರೂರು ತಿರಗ್ತೀನಿ. ಬಾಡಿಗಿ ಮನಿ ಗಿನಿ ಏನೂ ಇಟ್ಕೊಳ್ಳಂಗಿಲ್ಲ. ಪೂರ್ತಿ ತಿರುಗಾಟ.”

ನಮ್ಮ ಮನೆಯವರು ತಲೆ ಎತ್ತಲಿಲ್ಲ. ಪಲ್ಯದ ಬೋಗುಣಿ ನನ್ನ ಕೈಯಲ್ಲೇ ಉಳಿಯಿತು. ಮೊದಲು ಬಾಯಿ ಬಿಟ್ಟವಳು ನನ್ನ ತಮ್ಮನ ಮಗಳು. ಎಂಟು ವರ್ಷದವಳು, ಜೂನ್‌ನಿಂದ ಶಾಲೆಗಾಗಿ ನಮ್ಮಲ್ಲೇ ಇದ್ದಾಳೆ. “ಮಾಮಾ, ಎಷ್ಟ ಕುರಿ ಒಯ್ತೀ?” ಅಂದಳು.

ಅವಳಿಗೆ ತಿರುಗಾಟ ಅಂದರೆ ಕುರಿ. ನನಗೂ ಅಷ್ಟೇ ನೋಡ್ರಿ. ನನ್ನ ತವರಿನವರು ಹಾಲುಮತದವರು, ಕುರಿ ಕಾಯುವವರು. ಮಗ ಮೊಬೈಲಿನಲ್ಲಿ ಒಂದು ಪಟ್ಟಿ ಮಾಡಿಕೊಂಡಿದ್ದ. ಪೂರ್ತಿ ತಿರುಗಾಟಕ್ಕೆ ಏನೇನು ಅಡ್ಡ ಬರುತ್ತದೆ, ಅದನ್ನು ಹೇಗೆ ದಾಟಬೇಕು ಅಂತ. ದುಡ್ಡು, ಸಾಮಾನು, ಆಸ್ಪತ್ರೆ, ಒಂಟಿತನ, ಜನ ಏನಂತಾರ. ಒಂದೊಂದೇ ಓದಿ ಹೇಳಿದ. ಕಡೆಯದನ್ನು ಓದಲಿಲ್ಲ. ಅವನು ಕೈ ತೊಳೆಯಲು ಎದ್ದಾಗ ನಾನೇ ನೋಡಿದೆ. “ಅಪ್ಪ, ಅವ್ವ” ಅಂತಿತ್ತು. ಅದರ ಮುಂದೆ ಏನೂ ಬರೆದಿರಲಿಲ್ಲ.

ನಮ್ಮ ಚಿಮ್ಮಡದ ಸುತ್ತ ಈಗ ಎತ್ತ ನೋಡಿದರೂ ಕಬ್ಬು, ನಡುನಡುವೆ ಅರಿಷಿಣ. ನೀರಾವರಿ ಬಂದಮೇಲೆ ಕುರಿಗೆ ಕಾಲಿಡಲು ಜಾಗವಿಲ್ಲ. ಮಳೆಗಾಲದಲ್ಲಿ ಹಿಂಡು ಬೀಳಗಿ, ವಿಜಯಪುರದ ಕಡೆಯ ಮಡ್ಡಿಯಲ್ಲಿ ಇರುತ್ತದೆ. ದೀಪಾವಳಿ ಪಾಡ್ಯಕ್ಕೆ ಊರಿಗೆ ಬಂದು, ಬೀರಪ್ಪನಿಗೆ ಭಂಡಾರ ಹಾರಿಸಿ, ಮತ್ತೆ ಪಡುವಣಕ್ಕೆ ಹೊರಡುತ್ತದೆ. ಗೋಕಾಕ, ಯರಗಟ್ಟಿ, ಬೈಲಹೊಂಗಲ, ಕಿತ್ತೂರು ದಾಟಿ ಅಳ್ನಾವರದ ಕಡೆಗೆ. ಅಲ್ಲಿ ಭತ್ತ ಕೊಯ್ದ ಗದ್ದೆಗಳು ಖಾಲಿ ಬಿದ್ದಿರುತ್ತವೆ. ಮುಂಗಾರಿನ ಮೊದಲ ಹನಿ ಬೀಳುವುದರೊಳಗೆ ತಿರುಗಿ ಬರಬೇಕು. ಆ ಕಡೆಯ ಮಳೆಯಲ್ಲಿ ಸಿಕ್ಕರೆ ಕುರಿಯ ಗೊರಸು ಕೊಳೆಯುತ್ತದೆ, ನೀಲಿ ನಾಲಿಗೆ ರೋಗ ಬರುತ್ತದೆ. ಬಸ್ಸಿನಲ್ಲಿ ಐದಾರು ತಾಸಿನ ದಾರಿ. ಹಿಂಡಿನ ಜೊತೆ ಒಂದು ತಿಂಗಳಿಗೂ ಮೇಲೆ.

ದುಡ್ಡಿನ ಮಾತು ಬಂದಾಗ ನನಗೆ ನಗು ಬಂತು. ಮಗ ಎಂಟು ತಿಂಗಳು ಲೆಕ್ಕ ಹಾಕಿದ್ದಾನೆ. ನಮ್ಮಪ್ಪ ಲೆಕ್ಕ ಹಾಕಿದ್ದೇ ನಾ ನೋಡಿಲ್ಲ. ರಾತ್ರಿ ಯಾರದೋ ಹೊಲದಲ್ಲಿ ಬಲೆ ಕಟ್ಟಿ ದಡ್ಡಿ ಹಾಕಿದರೆ ಬೆಳಗಾಗುವಷ್ಟರಲ್ಲಿ ಹಿಕ್ಕಿ, ಗಂಜಲ ಎರಡೂ ಆ ಹೊಲಕ್ಕೆ. ಎಷ್ಟು ಕುರಿ, ಎಷ್ಟು ರಾತ್ರಿ ಅಂತ ನೋಡಿ ಹೊಲದವರು ಜೋಳ ಕೊಡುತ್ತಿದ್ದರು, ಈಗ ರೊಕ್ಕ ಕೊಡುತ್ತಾರೆ. ತೀರ ಅಡಚಣೆಯಾದರೆ ಸಂತೆಯಲ್ಲಿ ಒಂದು ಟಗರು. ಉಣ್ಣೆಯ ದುಡ್ಡು ಮಾತ್ರ ಈಗ ಇಲ್ಲ. ಕರಿ ಉಣ್ಣೆ ಕತ್ತರಿಸುವ ಕೂಲಿಯೂ ಹುಟ್ಟುವುದಿಲ್ಲ ಅಂತ ತಮ್ಮ ಗೊಣಗುತ್ತಾನೆ. ಸಾಮಾನು ಅಂದರೆ ಕುದುರೆಯ ಬೆನ್ನಿಗೆ ಹಿಡಿಸುವಷ್ಟು. ಗುಡಾರ, ಎರಡು ಪಾತ್ರೆ, ಹಿಟ್ಟಿನ ಗಂಟು, ಅದರ ಮೇಲೆ ಕೋಳಿ, ಅದರ ಪಕ್ಕದಲ್ಲಿ ಅವತ್ತೇ ಹುಟ್ಟಿದ ಮರಿ.

ಆಸ್ಪತ್ರೆಯ ವಿಷಯಕ್ಕೆ ನಗು ಬರುವುದಿಲ್ಲ. ನನ್ನ ತಮ್ಮ ಹುಟ್ಟಿದ್ದು ಬೈಲಹೊಂಗಲದ ಕಡೆ ಒಂದು ಹೊಲದ ಬದುವಿನ ಮೇಲೆ. ಮೂರನೇ ದಿನಕ್ಕೆ ಅವ್ವ ಹಿಂಡಿನ ಹಿಂದೆ ನಡೆದಿದ್ದಳಂತೆ. ಹುಟ್ಟಿದ ತಾರೀಖು ಯಾರೂ ಬರೆದಿಡಲಿಲ್ಲ. ಆಧಾರ್ ಕಾರ್ಡಿನಲ್ಲಿ ಅವನ ಜನ್ಮದಿನ ಜನವರಿ 1. ಅಣ್ಣನದೂ ಜನವರಿ 1. ಅಪ್ಪನದೂ ಅದೇ. ನಮ್ಮ ಮನೆಯಲ್ಲಿ ಖರೇ ಜನ್ಮದಿನ ಇರುವುದು ನನಗೊಬ್ಬಳಿಗೇ. ನಾನು ಊರಲ್ಲಿ ಹುಟ್ಟಿದೆ, ಊರಲ್ಲೇ ಉಳಿದೆ.

ಉಳಿದೆ ಅನ್ನುವುದಕ್ಕಿಂತ ಬಿಟ್ಟುಹೋದರು. 1983ರ ಪಾಡ್ಯ ಕಳೆದ ಮರುದಿನ. ನನಗೆ ಆರು ವರ್ಷ. ನಸುಕಿನಲ್ಲಿ ಕುದುರೆಗೆ ಹೇರು ಹೇರುತ್ತಿದ್ದರು. ನಾನೂ ನನ್ನ ಲಂಗ ಸುತ್ತಿಟ್ಟುಕೊಂಡು ನಿಂತಿದ್ದೆ. ಅಪ್ಪ ಅವ್ವನಿಗೆ ಹೇಳಿದ್ದು ಈಗಲೂ ಕಿವಿಯಲ್ಲಿದೆ. “ಮುದಕಿಗೆ ಕಣ್ಣ ಕಾಣಂಗಿಲ್ಲ. ನೀರ ತರಾಕ ಒಬ್ರು ಬೇಕಲ್ಲ. ಇದು ಇರ್ಲಿ.” ಹೆಸರು ಸಹ ಹೇಳಲಿಲ್ಲ, ಇದು ಅಂದ. ಅಣ್ಣ ಹಿಂಡಿಗೆ ಬೇಕಾಗಿದ್ದ, ನಾನು ಆಯಿಗೆ. ಶಾಲೆಗಾಗಿ ಬಿಟ್ಟರು ಅಂತ ಊರಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ, ನಾನೂ ಬಹಳ ವರ್ಷ ಹಾಗೇ ಹೇಳಿಕೊಂಡು ಬಂದೆ. ಶಾಲೆಗೆ ಹೆಸರು ಹಚ್ಚಿಸಿದ್ದು ಆಯಿ. ಹಗಲೆಲ್ಲ ಮನೆಯಲ್ಲಿದ್ದರೆ ಅತ್ತೇ ಅಳುತ್ತಾಳೆ, ಅಲ್ಲಾದರೂ ಹೋಗಿ ಕೂತುಕೊಳ್ಳಲಿ ಅಂತ.

ಅಪ್ಪನಿಗೆ ಬರೆಯಲು ಬರುತ್ತಿರಲಿಲ್ಲ. ಹಿಂಡು ಬೀಡುಬಿಟ್ಟ ಊರಿನಲ್ಲಿ ಯಾರಾದರೂ ಓದಿದವರನ್ನು ಹಿಡಿದು ಕಾರ್ಡು ಬರೆಸುತ್ತಿದ್ದ. 15 ಪೈಸೆಯ ಕಾರ್ಡು. ಪ್ರತಿ ಕಾರ್ಡಿನ ಅಕ್ಷರವೂ ಬೇರೆ. ಒಬ್ಬರದು ಗುಂಡಗೆ, ಒಬ್ಬರದು ಇರುವೆ ಹರಿದಂತೆ. ಒಕ್ಕಣೆ ಮಾತ್ರ ಒಂದೇ. ಇತ್ತ ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ. ನಾನು ಓದಲು ಕಲಿತದ್ದೇ ಆ ಕಾರ್ಡುಗಳಿಂದ. ಓದಲು ಬಂದಮೇಲೆ ಸಿಟ್ಟು ಬಂತು. ಕಾಗದ ಬರೆಯಿರಿ ಅಂದರೆ ಎಲ್ಲಿಗೆ ಬರೆಯುವುದು? ಕಾರ್ಡು ನಮ್ಮ ಮನೆ ಮುಟ್ಟುವ ಹೊತ್ತಿಗೆ ಅವರು ಮೂರು ಊರು ದಾಟಿರುತ್ತಿದ್ದರು. ವಿಳಾಸ ಇದ್ದದ್ದು ನಮಗೆ ಮಾತ್ರ. ಮು. ಪೋ. ಚಿಮ್ಮಡ, ತಾಲೂಕು ಜಮಖಂಡಿ, ಜಿಲ್ಲಾ ವಿಜಾಪುರ.

ಇಲ್ಲೊಂದು ತಮಾಷೆ ಹೇಳಬೇಕು. ಮನೆ ಇದ್ದಲ್ಲೇ ಇದೆ, ವಿಳಾಸ ಮಾತ್ರ ತಿರುಗಾಡಿತು. 1997ರಲ್ಲಿ ಜಿಲ್ಲೆ ಬಾಗಲಕೋಟೆ ಆಯಿತು. ಈಚೆಗೆ ತಾಲೂಕು ರಬಕವಿ-ಬನಹಟ್ಟಿ ಆಯಿತು. ನಾನು ಒಂದು ಹೆಜ್ಜೆ ಕೀಳದೆ ಎರಡು ಜಿಲ್ಲೆ, ಎರಡು ತಾಲೂಕು ನೋಡಿದವಳು.

ಮೊದಲ ವರ್ಷ ಮಳೆಗಾಲಕ್ಕೆ ಅವ್ವ ತಿರುಗಿ ಬಂದಾಗ ಅವಳ ಬಗಲಲ್ಲಿ ಕೂಸಿತ್ತು. ಮೈಯೆಲ್ಲ ಕುರಿಯ ವಾಸನೆ. ನಾನು ಆಯಿಯ ಹಿಂದೆ ಸರಿದು ನಿಂತೆ. ಅವ್ವ ಏನೂ ಅನ್ನಲಿಲ್ಲ. ರಾತ್ರಿ ನಾನು ಮಲಗಿದಮೇಲೆ ಬಂದು ಕಂಬಳಿ ಹೊದಿಸಿದಳು. ನಾನು ಎಚ್ಚರವಿದ್ದೆ, ಕಣ್ಣು ಮಾತ್ರ ತೆರೆಯಲಿಲ್ಲ. ಅವಳು ತೀರಿ ಹೋಗಿ ಹನ್ನೊಂದು ವರ್ಷವಾಯಿತು. ಈ ಮಾತನ್ನು ಅವಳಿಗೆ ಹೇಳಲಿಲ್ಲ.

ಹತ್ತನೇ ತರಗತಿ ಮುಗಿಯಿತು. ಊರಲ್ಲೇ ಮದುವೆ, ಆಮೇಲೆ ಅಂಗನವಾಡಿ ಕಾರ್ಯಕರ್ತೆಯ ಕೆಲಸ. ತವರಿನವರ ಕಾಗದಪತ್ರವೆಲ್ಲ ನನ್ನ ಟ್ರಂಕಿನಲ್ಲಿ. ರೇಷನ್ ಕಾರ್ಡು, ಮತದಾರರ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು. ಈಗ ಯಾವ ಊರಿನ ನ್ಯಾಯಬೆಲೆ ಅಂಗಡಿಯಲ್ಲಾದರೂ ಹೆಬ್ಬೆಟ್ಟು ಒತ್ತಿ ರೇಷನ್ ತಗೋಬಹುದು. ಅದು ಬಂದದ್ದು ಕುರಿಗಾರರಿಗೆ ದೊಡ್ಡ ಉಪಕಾರ. ಆದರೆ ಹಗ್ಗ, ಬಲೆ ಎಳೆದೆಳೆದು ಸವೆದ ಅಣ್ಣನ ಬೆರಳನ್ನು ಯಂತ್ರ ಒಮ್ಮೊಮ್ಮೆ ಗುರುತಿಸುವುದಿಲ್ಲ. ದಾರಿಯಲ್ಲಿ ಕುರಿ ಸತ್ತರೆ ‘ಅನುಗ್ರಹ’ ಯೋಜನೆಯಲ್ಲಿ ಪರಿಹಾರವಿದೆ, ದೊಡ್ಡ ಕುರಿಗೆ 7,500 ರೂಪಾಯಿ. ಅದಕ್ಕೆ ಪಶುವೈದ್ಯರು ಬಂದು ಸತ್ತ ಕುರಿಯ ಮರಣೋತ್ತರ ಪರೀಕ್ಷೆ ಮಾಡಬೇಕು. ಹಿಂಡು ಅಲ್ಲಿವರೆಗೆ ನಿಲ್ಲುತ್ತದೆಯೇ? ಫೋನ್ ಹಚ್ಚುವವಳು, ಅರ್ಜಿ ತುಂಬುವವಳು ಇಲ್ಲಿ ಕೂತ ನಾನು.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಅಂದಾಗ ತಮ್ಮ, ಅವನ ಹೆಂಡತಿ, ಮೂರು ವರ್ಷದ ಈ ಹುಡುಗಿ ಎಲ್ಲ ಕಿತ್ತೂರಿನ ಆಚೆ ಇದ್ದರು. ಹಳ್ಳಿಯವರು ದಾರಿಗೆ ಮುಳ್ಳು ಹಾಕಿದರು. ಅವರದೂ ಅಂಜಿಕೆ, ತಪ್ಪು ಅನ್ನಲಾರೆ. ಸಂತೆಗಳು ಬಂದ್. ಹಿಂಡಿನಲ್ಲಿ ಇನ್ನೂರು ಕುರಿ ಇದ್ದರೂ ಕೊಳ್ಳುವವರಿಲ್ಲ, ಹಿಟ್ಟು ತೀರಿದೆ. “ಅಕ್ಕಾ, ಕೂಸಿಗರೆ ಏನರ ಮಾಡು” ಅಂತ ತಮ್ಮ ಫೋನ್ ಮಾಡಿದ. ನನಗೆ ಗೊತ್ತಿದ್ದ ಮೇಲ್ವಿಚಾರಕಿಗೆ ಹೇಳಿದೆ, ಅವರು ಮತ್ತೊಬ್ಬರಿಗೆ. ನಾಲ್ಕು ಫೋನ್ ದಾಟಿ ಆ ಊರಿನ ಅಂಗನವಾಡಿ ಕಾರ್ಯಕರ್ತೆ ಸಿಕ್ಕಳು. ಅವಳು ಸಂಜೆ ಊರ ಹೊರಗಿನ ಮರದ ಬುಡದಲ್ಲಿ ಜೋಳದ ಹಿಟ್ಟು, ಬೇಳೆ, ಒಂದು ಪೊಟ್ಟಣ ಬೆಲ್ಲ ಇಟ್ಟು ಹೋದಳು. ಹದಿನೆಂಟು ದಿನ ಇಟ್ಟಳು. ಅವಳ ಮುಖ ನಾನು ಇವತ್ತಿಗೂ ನೋಡಿಲ್ಲ.

ಮಗನಿಗೆ ಬೇಡ ಅನ್ನಲಿಲ್ಲ. “ರಜಾ ಐತಲ್ಲ, ಹನ್ನೆರಡ ದಿನ ಮಾಮಾನ ಜೋಡಿ ಹೋಗಿ ಬಾ. ಆಮ್ಯಾಲ ಮಾತಾಡೋಣು” ಅಂದೆ. ಹೋದ. ಮೊದಲ ದಿನವೇ ಬೂಟಿನಲ್ಲಿ ಹಿಮ್ಮಡಿ ಬೊಬ್ಬೆ ಎದ್ದು ತಮ್ಮನ ಹಳೆ ಚಪ್ಪಲಿ ಹಾಕಿಕೊಂಡನಂತೆ. ರಾತ್ರಿ ಕಾವಲಿಗೆ ಕೂಡಿಸಿದರು. ತೋಳಕ್ಕಿಂತ ಗಾಡಿ ತಂದು ಕುರಿ ಹೇರಿಕೊಂಡು ಹೋಗುವ ಮನುಷ್ಯರ ಅಂಜಿಕೆಯೇ ಈಗ ಹೆಚ್ಚು. ದೂರು ಕೊಡಲು ಹೋದರೆ ನಿಮ್ಮೂರು ಯಾವುದು ಅಂತ ಮೊದಲ ಪ್ರಶ್ನೆ. ವಲಸೆ ಕುರಿಗಾಹಿಗಳ ರಕ್ಷಣೆಗೆ ಅಂತ 2025ರಲ್ಲಿ ವಿಧಾನಮಂಡಲ ಒಂದು ಮಸೂದೆ ಒಪ್ಪಿದೆ. 2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಅಂತ ಸಾರಿದೆ. ಮಗ ಇದನ್ನು ಹೇಳಿದಾಗ ತಮ್ಮ ಕೇಳಿದನಂತೆ, “ಹಂಗಾರ ಈ ವರ್ಷ ಹೊಲದಾಗಿಂದ ಯಾರೂ ಎಬ್ಬಸಂಗಿಲ್ಲೇನು?”

ಗೋಕಾಕ ದಾಟಿದ ಮೇಲೆ ಬಸ್ಸು ಹಿಡಿದು ಬಂದ. ಕರ್ರಗಾಗಿದ್ದ. ಅವನು ಹೇಳಿದ ಒಂದು ಮಾತು ನನಗೆ ಹೊಸದು. “ಅವ್ವಾ, ಮಾಮಾ ಹೊಸಾ ಊರಿಗೆ ಹೋಗೂದ ಇಲ್ಲ. ಎಲ್ಲಾರೂ ಗುರ್ತಿನವ್ರು. ಮುಂದಿನ ಹೊಲದವ್ರಿಗೆ ಫೋನ್ ಮಾಡಿ ಹೊರಡ್ತಾನ. ಅವರ ಅಜ್ಜನ ಕಾಲದಿಂದ ಅದ ಹೊಲ, ಅದ ಗಿಡ. ಒಬ್ಬಾಕಿ ಮುದಕಿ ನಿನ್ನ ಕೇಳಿದ್ಲು. ಚಿಮ್ಮಡದಾಗ ಬಿಟ್ಟ ಬಂದಿದ್ರಲ್ಲ, ಆ ಹುಡಿಗಿ ಹೆಂಗ ಐತಿ ಅಂತ.”

ನಾನು ಒಲೆಯ ಮುಂದೆ ಹಾಗೇ ಕೂತೆ. ನಲವತ್ತೆರಡು ವರ್ಷದ ಹಿಂದಿನ ಮಾತು. ಅವ್ವ ಆ ಹೊಲದಲ್ಲಿ ಕೂತು ನನ್ನ ಸುದ್ದಿ ಹೇಳಿಕೊಂಡಿದ್ದಾಳೆ. ಆ ದಿನ ಮಗನಿಗೆ 1983ರ ನಸುಕಿನದೆಲ್ಲ ಹೇಳಿದೆ. ಕಂಬಳಿಯದೂ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು ಕೇಳಿದ, “ನಿನಗ ಎಂದೂ ಹೋಗಬೇಕಂತ ಅನಿಸಲಿಲ್ಲೇನು?”

ನನಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಅವನ ವಿಷಯ ಹೀಗೆ ಇತ್ಯರ್ಥವಾಯಿತು. ಬೋರ್‌ವೆಲ್ಲಿನ ಸಾಲಕ್ಕೆ ತಿಂಗಳಿಗೆ 8,000 ಅವನೇ ಕಟ್ಟುತ್ತಿದ್ದ. ಕಬ್ಬಿನ ಬಿಲ್ಲು 14 ದಿನದಲ್ಲಿ ಕೊಡಬೇಕೆಂದು ಕಾನೂನಿದೆ, ನಮಗೆ ಬಂದಾಗ ಬಂತು. ಅದನ್ನು ನಂಬಿ ಕೂರಲಾಗದು. ಒಂದು ವರ್ಷದ ಕಂತನ್ನು ಅವನು ಮೊದಲೇ ಕಟ್ಟಿಟ್ಟ. ಹೀಗಾಗಿ ಎಂಟು ತಿಂಗಳ ಖರ್ಚು ಐದು ತಿಂಗಳಿಗೆ ಇಳಿಯಿತು. ನಡುನಡುವೆ ಕಂಪ್ಯೂಟರ್ ಕೆಲಸ ಸಿಕ್ಕರೆ ಮಾಡುತ್ತಾನಂತೆ. ನೌಕರಿ ಬಿಟ್ಟ ದಿನವೇ ಕಂಪನಿಯ ಆರೋಗ್ಯ ವಿಮೆ ಹೋಗುತ್ತದೆ, ಅದಕ್ಕೆ ಸ್ವಂತದ್ದು ಮೊದಲೇ ಮಾಡಿಸಿದ. ಯುಗಾದಿ ಮುಗಿಸಿ ಬೈಕಿನಲ್ಲಿ ಹೊರಡುತ್ತಾನೆ. ವಿಮೆ, ಬ್ಯಾಂಕು ಎಲ್ಲಕ್ಕೂ ವಿಳಾಸ ಇದೇ ಮನೆ. ಅವನ ಕಾಗದಗಳಿಗೆ ಟ್ರಂಕಿನಲ್ಲಿ ಜಾಗ ಮಾಡಿದ್ದೇನೆ. ನಮ್ಮ ಮನೆಯವರು ಇನ್ನೂ ಪೂರ್ತಿ ಒಪ್ಪಿಲ್ಲ. ಬೈಕಿಗೆ ಹೊಸ ಟೈರು ಮಾತ್ರ ತಾವೇ ಹಾಕಿಸಿಕೊಂಡು ಬಂದರು.

ಇನ್ನು ಈ ಹುಡುಗಿ. ಪಾಡ್ಯದ ಮರುದಿನ ಹಿಂಡು ಹೊರಟಾಗ ಅವಳು ಅಳಲಿಲ್ಲ, ಅದೇ ನನಗೆ ಹೆದರಿಕೆಯಾಯಿತು. ತಮ್ಮನಿಗೆ ಹೇಳಿದೆ, ಶಾಲೆಗಾಗಿ ಬಿಟ್ಟು ಹೋಗುತ್ತೇನೆ ಅಂತ ನೀನೇ ಅವಳ ಮುಂದೆ ಕೂತು ಹೇಳು, ಹೆಸರು ಹಿಡಿದು ಹೇಳು. ಹೇಳಿದ. ಈಗ ರಾತ್ರಿ ಊಟವಾದಮೇಲೆ ಅಪ್ಪ-ಮಗಳು ವಿಡಿಯೋ ಕಾಲಿನಲ್ಲಿ ಕುರಿ ಎಣಿಸುತ್ತಾರೆ. ಗುಡಾರದ ಮೇಲೆ ಸೋಲಾರ್ ಪ್ಲೇಟು ಇದೆ, ಚಾರ್ಜಿಗೆ ಚಿಂತೆಯಿಲ್ಲ.

ಮೇ ತಿಂಗಳಲ್ಲಿ ಅಂಗನವಾಡಿಗೆ ರಜೆ. ಅವಳ ಶಾಲೆಗೂ ರಜೆ. ಹಿಂಡು ತಿರುಗಿ ಬರುವ ಹೊತ್ತು ಅದು. ಬೈಲಹೊಂಗಲದಿಂದ ಹಿಂಡಿನ ಜೊತೆ ನಾವಿಬ್ಬರೂ ನಡೆದು ಬರುವುದು ಅಂತ ಮಾತಾಗಿದೆ. ಮನೆ ಯಾರು ನೋಡಿಕೊಳ್ಳುತ್ತಾರೆ ಅಂದೆ. “ನಾ ಎಲ್ಲಿ ಹೊಂಟೇನಿ” ಅಂದರು ನಮ್ಮ ಮನೆಯವರು.

ದಿನಕ್ಕೆ ಎಂಟು-ಹತ್ತು ಕಿಲೋಮೀಟರ್ ನಡೆಯಬೇಕು. ಹೋದ ವಾರದಿಂದ ಬೆಳಿಗ್ಗೆ ಎದ್ದು ಮಹಾಲಿಂಗಪುರದ ರಸ್ತೆಗುಂಟ ನಡೆಯುತ್ತಿದ್ದೇನೆ. ಎಡ ಮೊಣಕಾಲು ನೋಯುತ್ತದೆ. ಹುಡುಗಿ ಅದನ್ನು ನೋಡಿ ಅವಳಪ್ಪನಿಗೆ ಫೋನಿನಲ್ಲಿ ಹೇಳುತ್ತಿದ್ದಳು, “ಅಪ್ಪಾ, ಅತ್ತಿಗೆ ಕುದರಿ ಮ್ಯಾಲ ಜಾಗಾ ಇಡು. ಕೋಳಿ ನಾ ಹಿಡಕೋತೀನಿ.”