ಮಾವನ ಸಹಿ

ಮುನಿರ್ಕಾದ ಗಲ್ಲಿಯೊಳಗಿನ ನನ್ನ ಕೋಣೆಗೆ ಬಿಸಿಲು ಬರುವುದಿಲ್ಲ. ಊರಿನ ಹಳೆಯ ಲೆಕ್ಕವೂ ಬರಲಾರದು ಅಂದುಕೊಂಡಿದ್ದೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ ಬಂತು: ನನ್ನ ಹೆಸರಲ್ಲಿ ವಾರಂಟ್ ಇದೆ.

ಡಿಗ್ರಿ ಓದುವಾಗ ಜಾತ್ರೆಯಲ್ಲಿ ಹೊಡೆದಾಟ. ತಪ್ಪು ನನ್ನದೇ. ಕೋರ್ಟು ಜೈಲಿಗೆ ಕಳಿಸದೆ, 1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆಯಡಿ ಎರಡು ವರ್ಷದ ಬಾಂಡ್ ಬರೆಸಿಕೊಂಡು ಬಿಟ್ಟಿತು. ಪ್ರೊಬೇಷನ್ ಆಫೀಸರ ಮುಂದೆ ಹಾಜರಿ ಹಾಕಬೇಕು, ಹೇಳದೆ ಊರು ಬಿಡುವಂತಿಲ್ಲ. ಜಾಮೀನಿಗೆ ಸೋದರಮಾವ ಸಹಿ ಹಾಕಿದರು. ಐದೇ ತಿಂಗಳಿಗೆ ದೆಹಲಿಯಲ್ಲಿ ಕೆಲಸ ಸಿಕ್ಕಿತು. ಯಾರಿಗೂ ಹೇಳದೆ ರೈಲು ಹತ್ತಿದೆ. ಎರಡು ವರ್ಷ ಕಳೆದರೆ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ವಕೀಲರು ಫೋನಿನಲ್ಲಿ ಬಿಡಿಸಿ ಹೇಳಿದರು. 9ನೇ ಕಲಮಿನಂತೆ, ಷರತ್ತು ಮುರಿದವನಿಗೆ ಕೋರ್ಟು ಮೂಲ ಅಪರಾಧಕ್ಕೇ ಶಿಕ್ಷೆ ಕೊಡಬಹುದು. ಮೊದಲ ತಪ್ಪಾದರೆ 50 ರೂಪಾಯಿಯವರೆಗಿನ ದಂಡ ಹಾಕಿಯೂ ಬಿಡಬಹುದು. ಶಿಕ್ಷೆಯಾದರೆ 12ನೇ ಕಲಮಿನ ರಕ್ಷಣೆ ಹೋಗಿ, ಅಪರಾಧಿಗೆ ಅಂಟುವ ಅನರ್ಹತೆಗಳು ನನಗೂ ಅಂಟುತ್ತವೆ. ಅಂದು ಆಫೀಸರಿಗೆ ಒಂದು ಮಾತು ಹೇಳಿದ್ದರೆ, ಅವರ ಅರ್ಜಿಯ ಮೇಲೆ ಕೋರ್ಟೇ ಷರತ್ತು ಬದಲಿಸಬಹುದಿತ್ತು.

"ಸಮನ್ಸ್ ಜಾಮೀನುದಾರರಿಗೂ ಹೋಗಿದೆ" ಎಂದರು ವಕೀಲರು.

ಮಾವನಿಗೆ ಫೋನ್ ಮಾಡಿದೆ. ಮೂರು ಸಲ ಕೋರ್ಟಿಗೆ ಅಲೆದು, ಬಾಂಡಿನ ಹಣವನ್ನೂ ಕಟ್ಟಿದ್ದರು.

"ಯಾಕೆ ಹೇಳ್ಲಿಲ್ಲ ಮಾವ?"

"ಹೊಸ ಕೆಲ್ಸ, ನಿಂಗ್ಯಾಕೆ ಗಾಬರಿ ಅಂತ ಕಣೋ. ಈಗಾದ್ರೂ ಬಾ."

ನಾಡಿದ್ದು ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಆಗಿದೆ. ನಾನಾಗಿಯೇ ಹಾಜರಾಗುತ್ತೇನೆ. ಕೋರ್ಟು ಏನು ಹೇಳುತ್ತದೋ ಕಾಣೆ. ಮಾವನ ಬಾಕಿ ಮಾತ್ರ 50 ರೂಪಾಯಿಗೆ ತೀರುವಂಥದ್ದಲ್ಲ.