ಮಕ್ಕಳನ್ನು ಒಪ್ಪಿಸಿ ಹೋಗುವುದು

ಕಾಲಿದ್ದವರು ಹಂಪಿಯನ್ನು ನೋಡಬೇಕು, ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕು ಎಂಬ ಗಾದೆಯು ನಮ್ಮ ಸೀಮೆಯಲ್ಲಿ ಬಹು ಪ್ರಸಿದ್ಧವಾದುದು. ಆದರೆ ಕಂಕುಳಲ್ಲಿ ಕೂಸಿದ್ದವರು ಏನು ಮಾಡತಕ್ಕದ್ದೆಂಬುದನ್ನು ಗಾದೆ ಕಟ್ಟಿದ ಪುಣ್ಯಾತ್ಮರು ಹೇಳಲಿಲ್ಲ. ಕೂಸನ್ನು ಯಾರಿಗಾದರೂ ಒಪ್ಪಿಸಿ ಹೋಗಬೇಕಷ್ಟೆ. ಹೀಗೆ ಒಪ್ಪಿಸಿ ಹೋಗುವುದರಲ್ಲಿಯೂ ಒಂದು ಧರ್ಮವುಂಟು. ಅದನ್ನು ಕುರಿತು ಗೃಹಸ್ಥರಾದ ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದು ನಮಗೆ ತೋರಿರುವುದು.

ನಮ್ಮ ವಾಸವು ಕನಕಗಿರಿ ತಾಲೂಕಿನ ಹುಲಿಹೈದರದಲ್ಲಿ. ತುಂಗಭದ್ರೆಯ ಎಡದಂಡೆಯ ಕಾಲುವೆಯು ಗಂಗಾವತಿಯ ಕಡೆಯ ಬಯಲನ್ನು ಬತ್ತದ ಸೀಮೆಯನ್ನಾಗಿ ಮಾಡಿತು. ಕುಷ್ಟಗಿ ಯಲಬುರ್ಗಾಗಳ ಕಡೆಯ ನೆಲವಾದರೋ ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿಕೊಂಡಿರುವುದು. ಆದಕಾರಣ ಸುಗ್ಗಿ ತೀರಿದೊಡನೆ ಕೆಲವು ಮನೆಗಳವರು ಬೆಂಗಳೂರು, ಮಂಗಳೂರು, ಗೋವೆಗಳಿಗೆ ಗುಳೆ ಹೋಗುವರು. ಇತ್ತ ಅನುಕೂಲವುಳ್ಳವರು ಯಾತ್ರೆ ಹೊರಡುವರು. ೨೦೨೩ನೆಯ ಇಸವಿಯ ಜೂನ್ ೧೧ರಂದು ರಾಜ್ಯದೊಳಗಿನ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಹಣ ಬೇಡವೆಂದಾದ ಮೇಲೆ, ಎಂದೂ ಹೊಸಿಲು ದಾಟದಿದ್ದ ಸೊಸೆಯಂದಿರೂ ಧರ್ಮಸ್ಥಳವನ್ನು ನೋಡಿ ಬಂದರು. ನಮಗೆ ಅದು ಸಂತೋಷವೇ ಸರಿ. ಗುಳೆಯು ಹೊಟ್ಟೆಗಾಗಿ, ಯಾತ್ರೆಯು ಮನಸ್ಸಿಗಾಗಿ. ಇವೆರಡರ ನಡುವೆ ಭೂಮ್ಯಾಕಾಶಗಳಷ್ಟು ಅಂತರವುಂಟು. ಆದರೆ ಮನೆಯಲ್ಲಿ ಉಳಿದ ಕೂಸಿಗೆ ಎರಡೂ ಒಂದೇ: ಅವ್ವ ಇಲ್ಲ.

ಕಳೆದ ವರುಷ ನಮ್ಮ ಮಗನೂ ಸೊಸೆಯೂ ಒಂಬತ್ತು ದಿನಗಳ ಪ್ರವಾಸಕ್ಕೆ ಹೊರಟರು. ಏಳು ವರುಷದ ಮೊಮ್ಮಗಳನ್ನೂ ನಾಲ್ಕು ವರುಷದ ಮೊಮ್ಮಗನನ್ನೂ ನಮ್ಮಿಬ್ಬರು ವೃದ್ಧರಿಗೆ ಒಪ್ಪಿಸುವುದೆಂದು ನಿಶ್ಚಯವಾಯಿತು. ಹುಡುಗ ಮಲಗಿರುವಾಗಲೇ ಹೊರಟುಬಿಡುವುದು ಸೊಸೆಯ ಆಲೋಚನೆ. "ಹೇಳಿ ಹೋದರ ಭಾಳ ಅಳತಾನ, ಮಾವಾರ" ಎಂದಳು. "ಅಳಲವ್ವಾ, ಅತ್ತು ಕಳಿಸಲಿ, ಹುಡುಕಿ ಅಳಬಾರದು" ಎಂದೆವು.

ನಾವು ಹಾಗೆ ಹಟ ಹಿಡಿದುದಕ್ಕೆ ಕಾರಣವಿದ್ದಿತು. ನಮ್ಮ ಓಣಿಯ ಒಬ್ಬ ತಾಯಿಯು ಗುಳೆ ಹೋಗುವಾಗ ಮೂರು ವರುಷದ ಮಗನಿಗೆ "ಸಂತಿಗೆ ಹೋಗಿ ಬರತೀನಿ" ಎಂದು ಹೇಳಿ, ನಸುಕಿನಲ್ಲಿ ಹೊರಟುಹೋಗಿದ್ದಳು. ಆಕೆಯನ್ನು ದೂಷಿಸುವ ಮನಸ್ಸು ನಮಗಿಲ್ಲ. ಆ ಸುಳ್ಳು ಮಮತೆಯಿಂದ ಹುಟ್ಟಿದುದು. ಆದರೆ ಆ ಕೂಸು ಮುಂದೆ ಅನೇಕ ದಿನಗಳವರೆಗೆ ಅಜ್ಜಿಯ ಸೆರಗನ್ನು ಬಿಡಲೊಲ್ಲದು. ಅವಳು ನೀರಿಗೆ ಹೋದರೂ ಕಿರಿಚುವುದು. "ಹಸದು ಅಳವಲ್ಲ ಸರ, ಬಾಗಿಲ ನೋಡಿ ಅಳತಾನ" ಎಂದು ಆ ಮುದುಕಿ ನಮ್ಮೆದುರು ಕಣ್ಣೀರಿಟ್ಟಳು. ನಾಲ್ಕು ತಿಂಗಳಾದ ಮೇಲೆ ತಾಯಿ ಬಂದಳು. ಹೊಸ ಅಂಗಿ ತಂದಿದ್ದಳು. ಹುಡುಗನು ಅಂಗಿಯನ್ನು ತೊಟ್ಟುಕೊಂಡನು. ತೊಡೆಯ ಮೇಲೆ ಮಾತ್ರ ಕೂಡಲಿಲ್ಲ.

ನಮ್ಮ ಸೊಸೆಯು ಹೇಳಿಯೇ ಹೋದಳು. ಹುಡುಗನು ಒಂದು ತಾಸು ಅತ್ತನು. ಬಳಿಕ ನಮ್ಮ ಮನೆಯವರು ಒಂದು ಬಟ್ಟಲಿನಲ್ಲಿ ಒಂಬತ್ತು ಹುಣಿಸೆಯ ಬೀಜಗಳನ್ನಿರಿಸಿ, ದಿನಕ್ಕೊಂದನ್ನು ಅವನ ಕೈಯಿಂದಲೇ ತೆಗೆಯಿಸಿದರು. "ಇನ್ನ ಎಷ್ಟು ಅದಾವ ಅಜ್ಜಾ?" ಎಂದು ಮುಂಜಾನೆ ಕೇಳುವನು, ಎಣಿಸುವನು, ಆಡಲು ಓಡುವನು. ದುಃಖವು ಇಲ್ಲವಾಗಲಿಲ್ಲ, ಅದಕ್ಕೊಂದು ಅಳತೆ ದೊರೆಯಿತು. ಅಳತೆಯುಳ್ಳ ದುಃಖವನ್ನು ಮಗುವೂ ಹೊರಬಲ್ಲುದು.

ನಮ್ಮ ಧರ್ಮಶಾಸ್ತ್ರಕಾರರು ಹದಿನೆಂಟು ವ್ಯವಹಾರಪದಗಳನ್ನು ಹೇಳಿದ್ದಾರೆ. ಮನುವಿನ ಎಣಿಕೆಯಲ್ಲಿ ಎರಡನೆಯದು ನಿಕ್ಷೇಪ, ಎಂದರೆ ನಂಬಿ ಇಟ್ಟ ಒಡವೆ. ಅದನ್ನು ಇಟ್ಟಂತೆಯೇ ತಿರುಗಿ ಕೊಡತಕ್ಕದ್ದು; ಕಳ್ಳರು ಒಯ್ದರೆ, ನೀರು ಕೊಚ್ಚಿದರೆ, ಬೆಂಕಿ ಸುಟ್ಟರೆ, ತಾನು ಅದರಿಂದ ಏನನ್ನೂ ತೆಗೆದುಕೊಳ್ಳದವನು ತೆರಬೇಕಾದುದಿಲ್ಲ. ಮಗುವೂ ನಿಕ್ಷೇಪವೇ. ಆದರೆ ಇಲ್ಲಿ ಆ ವಿನಾಯಿತಿಗಳಾವುವೂ ಸಲ್ಲವು. ಇಟ್ಟಂತೆಯೇ ಕೊಡುವುದೂ ಸಾಧ್ಯವಲ್ಲ. ಬಂಗಾರವು ಪೆಟ್ಟಿಗೆಯಲ್ಲಿ ಬೆಳೆಯದು. ಮಗುವಾದರೋ ಒಂಬತ್ತು ದಿನಗಳಲ್ಲಿ ಒಂದು ಹಲ್ಲು ಕಳೆದುಕೊಂಡು ಎರಡು ಹೊಸ ಮಾತು ಕಲಿತಿರುವುದು. ಆದಕಾರಣ ಮಗುವಿನ ವಿಷಯದಲ್ಲಿ ನಂಬಿಕೆಯು ಇಟ್ಟವರಿಗೂ ಇಟ್ಟುಕೊಂಡವರಿಗೂ ಮಾತ್ರ ಸಂಬಂಧಿಸಿದುದಲ್ಲ. ಇಡಲ್ಪಟ್ಟ ಆ ಜೀವವೂ ನಂಬಬೇಕು.

ಸರಕಾರದವರೂ ಈ ವಿಷಯದಲ್ಲಿ ಸುಮ್ಮನಿರಲಿಲ್ಲ. ಅಂಗನವಾಡಿಯ ಯೋಜನೆಯು ೧೯೭೫ನೆಯ ಅಕ್ಟೋಬರ್ ೨ರಂದು ದೇಶದಲ್ಲಿ ಮೊದಲಾಯಿತು. ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವುದಾಗಿ ಕರ್ನಾಟಕ ಸರಕಾರವು ೨೦೨೩-೨೪ರ ಆಯವ್ಯಯದಲ್ಲಿ ಸಾರಿತು. ಇವೆಲ್ಲ ಒಳ್ಳೆಯವೇ. ಆದರೆ ಇವು ಹಗಲಿನ ಆಸರೆಗಳು. ರಾತ್ರಿ ಬೆಚ್ಚಿ ಎದ್ದ ಮಗುವಿಗೆ ಅಜ್ಜಿಯ ಮಗ್ಗುಲೇ ಬೇಕು.

ಹೀಗಿರಲು, ಹೊರಡುವ ತಾಯಿತಂದೆಗಳು ಮೊದಲು ಆ ಅಜ್ಜಿಯ ಒಪ್ಪಿಗೆಯನ್ನು ಕೇಳಿ ಪಡೆಯಬೇಕು. ಅವಳ ಮೊಣಕಾಲಿನ ಶಕ್ತಿಯನ್ನೂ ವಿಚಾರಿಸಬೇಕು. ಮಗುವಿನ ಊಟ, ನಿದ್ರೆ, ಔಷಧ, ಅದು ಅಂಜುವ ವಸ್ತು, ಇವನ್ನು ಒಂದು ಕಾಗದದಲ್ಲಿ ಬರೆದು, ತಾಯಿ ಕಾರ್ಡನ್ನು ಜೊತೆಗಿರಿಸಬೇಕು. ತಾಯಿ ಉಟ್ಟು ಬಿಟ್ಟ ಒಂದು ಸೀರೆಯನ್ನು ಹೊದಿಕೆಗೆ ಬಿಡುವುದು ಲೇಸು. ಫೋನು ಮಾಡುವುದಾದರೆ ಹೇಳಿದ ಹೊತ್ತಿಗೇ ಮಾಡಬೇಕು. ಬರುವ ದಿನ ಗೊತ್ತಿಲ್ಲದವರು ಸುಳ್ಳು ದಿನವನ್ನು ಹೇಳದೆ, "ದೂರದಾಗ ದುಡಿಯಾಕ ಹೊಂಟೀನಿ, ನಿನ್ನ ಬಿಡಂಗಿಲ್ಲ" ಎಂದಷ್ಟೇ ಹೇಳಲಿ. ಇಟ್ಟುಕೊಂಡವರು "ನಿಮ್ಮವ್ವ ಇನ್ನ ಬರಂಗಿಲ್ಲ ನೋಡು" ಎಂದು ವಿನೋದಕ್ಕೂ ಹೆದರಿಸಲಾಗದು.

ಇನ್ನೊಂದು ಮಾತು. ಅಜ್ಜಿ ಸೋತಾಗ ಆ ಭಾರವು ಮನೆಯ ಹಿರಿಯ ಹುಡುಗಿಯ ಮೇಲೆ ಬೀಳುವುದು. ಗುಳೆಯ ಕಾಲದಲ್ಲಿ ತಮ್ಮನನ್ನು ಎತ್ತಿಕೊಂಡು ಶಾಲೆಯ ಬಾಗಿಲಲ್ಲಿ ನಿಂತು, ಕೆಲವು ದಿನಗಳಾದ ಮೇಲೆ ಬಾಗಿಲಿಗೂ ಬಾರದೆ ಹೋದ ಹುಡುಗಿಯರನ್ನು ನಾವು ಕಂಡಿದ್ದೇವೆ. ಆರರಿಂದ ಹದಿನಾಲ್ಕು ವರುಷದವರಿಗೆ ವಿದ್ಯೆಯು ಹಕ್ಕೆಂದು ೨೦೦೯ರ ಕಾಯಿದೆ ಹೇಳಿತು. ಆದರೆ ಕಂಕುಳಲ್ಲಿರುವ ತಮ್ಮನನ್ನು ಇಳಿಸಿಕೊಳ್ಳುವ ಕೈ ನೆರೆಹೊರೆಯಿಂದಲೇ ಬರಬೇಕು. ಅಂಥ ಮನೆ ಓಣಿಯಲ್ಲಿದ್ದರೆ, ಶಾಲೆಯ ಹೊತ್ತಿನಲ್ಲಿ ಆ ಕೂಸು ನಿಮ್ಮ ಪಡಸಾಲೆಯಲ್ಲಿ ಆಡಲಿ. ಇದಕ್ಕೆ ಖರ್ಚಿಲ್ಲ.

ತಿರುಗಿ ಬಂದ ತಾಯಂದಿರಿಗೆ ನಮ್ಮ ಕಡೆಯ ಬಿನ್ನಹ: ಮಗು ಒಡನೆಯೇ ಹತ್ತಿರ ಬಾರದಿದ್ದರೆ ನೊಂದುಕೊಳ್ಳಬೇಡಿರಿ, ಕೈಹಿಡಿದು ಎಳೆಯಲೂ ಬೇಡಿರಿ. ಅಜ್ಜಿಯ ಪಕ್ಕದಲ್ಲಿ ನೀವೂ ಸುಮ್ಮನೆ ಕುಳಿತುಕೊಳ್ಳಿರಿ. ಅದು ತಾನಾಗಿ ಬರುವುದು. ಬಂದ ಮೇಲೆ, ಆ ಅಜ್ಜಿಯನ್ನು ಎರಡು ದಿನ ಯಾವ ಕೆಲಸಕ್ಕೂ ಕರೆಯದೆ ಮಲಗಗೊಡಿರಿ.