ಅಕ್ಕನ ಕಾಲೇಜು ನೋಡೋಕೆ ಹೋದ್ವಿ

ಮದುವೆ ಆಗಿ ಎರಡನೇ ವಾರಕ್ಕೆ ಮಾವ ನಮ್ಮ ಅಕ್ಕನನ್ನ ತಾವು ಓದಿದ ಕಾಲೇಜು ತೋರಿಸೋಕೆ ಕರ್ಕೊಂಡು ಹೋದ್ರು. ನಮ್ಮ ಕಡೆ ಅಕ್ಕನ ಗಂಡನಿಗೂ ಮಾವ ಅಂತೀವಿ. ಅವರು ರಾಣೆಬೆನ್ನೂರಿನವರು, ಓದಿದ್ದು ಹತ್ತಿರದ ಹನುಮನಮಟ್ಟಿ ಕೃಷಿ ಕಾಲೇಜಿನಲ್ಲಿ. ಕಾರಿನ ಹಿಂದಿನ ಸೀಟಿನಲ್ಲಿ ನಾವೂ ಇದ್ವಿ. ನಾವು ಅಂದ್ರೆ ನಾನು ಮತ್ತು ತಂಗಿ. ಹೊಸ ಜೋಡಿಯ ಜೊತೆ ಕಳಿಸೋಕೆ ಮನೆಯವರಿಗೆ ಯಾವಾಗಲೂ ನಾವೇ ಸಿಗೋದು.

ಮಾವ ಒಂದು ಮರವನ್ನೂ ಬಿಡಲಿಲ್ಲ. ಇಲ್ಲಿ ಬಂಕ್ ಮಾಡಿ ಕೂರ್ತಿದ್ವಿ, ಈ ಹೊಲದಲ್ಲಿ ಬೆಳಗ್ಗೆ ಎದ್ದು ಕಳೆ ತೆಗೆದಿದ್ದೀವಿ, ಇಲ್ಲಿ ನನ್ನ ಗೆಳೆಯ ಬೈಕ್ ಮೇಲಿಂದ ಬಿದ್ದ. ಅಕ್ಕ ನಕ್ಕೋತಾ ಕೇಳ್ತಿದ್ಲು. ವಾಪಸ್ ಬರುವಾಗ ಮೋಟೆಬೆನ್ನೂರಿನ ಹತ್ತಿರ ಮಿರ್ಚಿ ಮಂಡಕ್ಕಿ ತಿನ್ನೋಕೆ ನಿಂತಾಗ ಮಾವ ಕೇಳಿದ್ರು: "ನನ್ನ ಕಾಲೇಜ್ ತೋರಿಸಿದ್ನಿ. ನಿನ್ನ ಕಾಲೇಜ್ ಯಾವಾಗ ತೋರಸ್ತಿ?"

ಅಕ್ಕ ಸುಮ್ಮನಾದ್ಲು. ನಾವು ಮಂಡಕ್ಕಿ ಕಡೆ ನೋಡಿದ್ವಿ.

ಅಕ್ಕ ಓದಿದ್ದು ಉಕ್ರೇನಿನ ಖಾರ್ಕಿವ್‌ನಲ್ಲಿ. ಅವಳು ದೊಡ್ಡಪ್ಪನ ಮಗಳು. ದೊಡ್ಡಪ್ಪಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ನೀಟ್‌ನಲ್ಲಿ ಸರ್ಕಾರಿ ಸೀಟು ಸಿಗಲಿಲ್ಲ, ಇಲ್ಲಿನ ಪ್ರೈವೇಟ್ ಸೀಟಿನ ಫೀಸು ಕೇಳಿದ್ರೆ ಅಂಗಡಿಯನ್ನೇ ಮಾರಬೇಕು. ಹಾಗಾಗಿ 2018ರಲ್ಲಿ ಆ ಕಡೆ ಹೋದ್ಲು.

2022ರ ಫೆಬ್ರವರಿ 24, ಗುರುವಾರ. ಬ್ಯಾಡಗಿಯಲ್ಲಿ ಗುರುವಾರ ಅಂದ್ರೆ ಮಾರ್ಕೆಟ್ ದಿನ, ಅದೂ ಸೀಜನ್ನು, ಊರೆಲ್ಲಾ ಘಾಟು. ಯುದ್ಧ ಶುರುವಾಯ್ತು ಅಂತ ಸುದ್ದಿ ಬಂದಾಗ ದೊಡ್ಡಪ್ಪ ಚೀಲಗಳ ನಡುವೆ ನಿಂತಿದ್ರು. ಮಾರ್ಚ್ 1, ಶಿವರಾತ್ರಿ. ಮನೆಯವರೆಲ್ಲಾ ಉಪವಾಸ ಇದ್ವಿ. ಅವತ್ತೇ ಖಾರ್ಕಿವ್‌ನಲ್ಲಿ ಮೆಡಿಕಲ್ ಓದ್ತಿದ್ದ, ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ಹುಡುಗ ಶೆಲ್ ದಾಳಿಗೆ ತೀರಿಕೊಂಡ. ಊಟದ ಸಾಮಾನು ತರೋಕೆ ಹೊರಗೆ ಹೋಗಿದ್ದನಂತೆ. ಟಿವಿಯಲ್ಲಿ 'ಹಾವೇರಿ ಜಿಲ್ಲೆಯ ವಿದ್ಯಾರ್ಥಿ' ಅಂತ ಬಂತು, ಹೆಸರು ಬರುವವರೆಗೆ ದೊಡ್ಡಮ್ಮನ ಜೀವ ಜೀವದಲ್ಲಿ ಇರಲಿಲ್ಲ. ಮಾರ್ಚ್ 21ಕ್ಕೆ ಅವನ ದೇಹ ಊರಿಗೆ ಬಂತು. ಮನೆಯವರು ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಮಾಡಿದ್ರು.

ಮಾರ್ಚ್ 2ರಂದು ಭಾರತೀಯರೆಲ್ಲಾ ಕೂಡಲೇ ಖಾರ್ಕಿವ್ ಬಿಡಬೇಕು ಅಂತ ರಾಯಭಾರ ಕಚೇರಿ ಹೇಳಿತು. ಅಕ್ಕ ಗೆಳತಿಯರ ಜೊತೆ ಪೆಸೋಚಿನ್ ಅನ್ನೋ ಊರಿಗೆ ನಡೆದೇ ಹೋದ್ಲು. ಅಲ್ಲಿಂದ ಬಸ್ಸು, ಗಡಿ, ಆಪರೇಷನ್ ಗಂಗಾದ ವಿಮಾನ. ಹೀಗೆ ಬಂದವರು ಸಾವಿರಾರು ಜನ. ಆಮೇಲೆ ಬೇರೆ ದೇಶದ ಕಾಲೇಜಿಗೆ ವರ್ಗ ಮಾಡ್ಕೋಬಹುದು ಅಂತಾಯ್ತು. ಅಕ್ಕ ಜಾರ್ಜಿಯಾದ ಟಿಬಿಲಿಸಿಯಲ್ಲಿ ಕೋರ್ಸ್ ಮುಗಿಸಿ ಬಂದು ಈಗ ಹಾವೇರಿಯಲ್ಲಿ ಇಂಟರ್ನ್‌ಶಿಪ್ ಮಾಡ್ತಿದ್ದಾಳೆ. ಆದ್ರೆ 'ನಮ್ಮ ಕಾಲೇಜು' ಅಂತ ಅವಳು ಅನ್ನೋದು ಇವತ್ತಿಗೂ ಖಾರ್ಕಿವ್‌ದಕ್ಕೇ.

ಅವತ್ತು ರಾತ್ರಿ ಬ್ಯಾಡಗಿಯ ಮನೆಯಲ್ಲಿ ಅಕ್ಕನೇ ನಮ್ಮ ಲ್ಯಾಪ್‌ಟಾಪ್ ಕೇಳಿದ್ಲು. "ಸ್ಟ್ರೀಟ್ ವ್ಯೂ ಹಚ್ಚು" ಅಂದ್ಲು. ಗೂಗಲ್ ಮ್ಯಾಪಿನ ಆ ಹಳದಿ ಗೊಂಬೆಯನ್ನ ನೌಕೋವಾ ಮೆಟ್ರೋ ಸ್ಟೇಷನ್ ಹತ್ತಿರ ಇಳಿಸಿದ್ವಿ. ಯುದ್ಧಕ್ಕೆ ಮುಂಚಿನ ಫೋಟೋಗಳು. ಬಿಸಿಲು, ಮರ, ಓಡಾಡೋ ಜನ. ನಮ್ಮ ನೆಟ್ ನಿಧಾನ, ಪ್ರತಿ ಹೆಜ್ಜೆಗೂ ಚಿತ್ರ ಮಂಜಾಗಿ ಬಂದು ಆಮೇಲೆ ತಿಳಿಯಾಗೋದು.

"ಮುಂದ ಹೋಗು. ಎಡಕ್ಕ ತಿರುಗು. ಹಾಂ, ಇದ ನೋಡ್ರಿ ನಮ್ಮ ಕಾಲೇಜು."

ಮಾವ ಕುರ್ಚಿ ಮುಂದೆ ಎಳ್ಕೊಂಡ್ರು. ಬಾಂಬು ಎಲ್ಲಿ ಬಿತ್ತು ಅಂತ ಕೇಳಲಿಲ್ಲ. "ಇಲ್ಲಿ ಚಾ ಎಲ್ಲಿ ಸಿಗತಿತ್ತು?" ಅಂದ್ರು. ಅಕ್ಕ ತೋರಿಸಿದ್ಲು. "ಬಂಕ್ ಮಾಡಿದ್ರ ಎಲ್ಲಿಗೆ ಹೋಗತಿದ್ರಿ?" ಅದನ್ನೂ ತೋರಿಸಿದ್ಲು. ಮೊದಲ ಸಲ ಹಿಮ ಬಿದ್ದಾಗ ಚಪ್ಪಲಿ ಹಾಕ್ಕೊಂಡು ಓಡಿ ಹೋಗಿ ಜಾರಿ ಬಿದ್ದಿದ್ದು, ಅನಾಟಮಿ ಮೇಡಂ ಮುಂದೆ ರಷ್ಯನ್ ಪದ ತಪ್ಪು ಹೇಳಿ ಕ್ಲಾಸೆಲ್ಲಾ ನಕ್ಕಿದ್ದು, ದೊಡ್ಡಮ್ಮ ಕಳಿಸಿದ ಬ್ಯಾಡಗಿ ಖಾರದ ಪುಡಿ ತಿಂದು ರೂಮ್‌ಮೇಟ್ ಒಂದು ಲೀಟರ್ ಹಾಲು ಕುಡಿದಿದ್ದು. ಇಷ್ಟು ವರ್ಷ ಆದ್ರೂ ಇದ್ಯಾವುದೂ ನಮಗೆ ಗೊತ್ತಿರಲಿಲ್ಲ.

ಗೊತ್ತಿರಲಿಲ್ಲ ಅಂದ್ರೆ, ನಾವು ಕೇಳಿರಲಿಲ್ಲ. ಅವಳು ವಾಪಸ್ ಬಂದಾಗ ನಾವು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದ್ತಿದ್ವಿ. ಆದ್ರೂ ಅವಳ ಜೊತೆ ಸೆಲ್ಫಿ ತೆಗೆದು ಸ್ಟೇಟಸ್ ಹಾಕೋಕೆ ಟೈಮ್ ಇತ್ತು. ಬಂಕರ್ ಹೇಗಿತ್ತು, ಹೆದರಿಕೆ ಆಯ್ತಾ, ವಿಡಿಯೋ ಇದೆಯಾ. ಮನೆಗೆ ಬಂದ ನೆಂಟರೆಲ್ಲಾ ಅದನ್ನೇ ಕೇಳಿದ್ರು. ಅವಳು ಅಲ್ಲಿ ಯುದ್ಧ ನೋಡಿದ್ದು ಒಂದು ವಾರ. ಓದಿದ್ದು ಮೂರೂವರೆ ವರ್ಷ. ಆ ಮೂರೂವರೆ ವರ್ಷದ ಬಗ್ಗೆ ಮೊದಲು ಕೇಳಿದವರು ಮಾವ.

ಹಾಸ್ಟೆಲ್ ಹತ್ತಿರ ಗೊಂಬೆ ನಿಂತುಬಿಡ್ತು. ಗೂಗಲ್ ಕಾರು ಒಳಗೆ ಹೋಗಿಲ್ಲ. ಅಕ್ಕ ಝೂಮ್ ಮಾಡಿಸಿ ದೂರದಿಂದಲೇ ಬೆರಳಿಟ್ಟು ಕಿಟಕಿ ಎಣಿಸಿದ್ಲು. ಮೂರನೇ ಮಹಡಿ, ಎಡಗಡೆಯಿಂದ ಐದನೇದು. "ಅಲ್ಲಿ ನನ್ನ ಪುಸ್ತಕ ಅದಾವು, ಒಂದು ಸ್ವೆಟರ್ ಐತಿ" ಅಂದ್ಲು. ಒಂದೇ ಬ್ಯಾಗ್ ಹಿಡ್ಕೊಂಡು ಇಳಿದಿದ್ಲಂತೆ. ಆ ಕಿಟಕಿಗೆ ಈಗ ಗಾಜು ಇದೆಯೋ ಇಲ್ಲವೋ, ಯಾರೂ ಮಾತಾಡಲಿಲ್ಲ. ತಂಗಿ ಸ್ಕ್ರೀನ್‌ಶಾಟ್ ತೆಗೆದ್ಲು. ಈ ಸಲ ಸ್ಟೇಟಸ್ ಹಾಕಲಿಲ್ಲ.

ಲ್ಯಾಪ್‌ಟಾಪ್ ಮುಚ್ಚುವಾಗ ಮಾವ ಅಂದ್ರು: "ಯುದ್ಧ ಮುಗಿಲಿ, ಹೋಗೂಣು. ನಿನ್ನ ಸ್ವೆಟರ್ ತರೂಣು."

ಅಕ್ಕ ಸ್ವಲ್ಪ ಹೊತ್ತು ಬಿಟ್ಟು ಅಂದ್ಲು: "ಚಳಿಗಾಲದಾಗ ಬ್ಯಾಡ್ರಿ, ನಿಮಗ ತಡಕೊಳ್ಳಾಕ ಆಗೂದಿಲ್ಲ. ಮೇ ತಿಂಗಳಾಗ ಹೋಗೂಣು."